ಎಡೆಯ ಮುಂದಿನ ಚಹಾ ಲೋಟ: ಪುಕ್ಕಟೆ ಬಂದ ಪುಡಿ ಹಬ್ಬದ ಉಡುಗೊರೆಯಾದ ಕಥೆ

ಹಿರಿಯರ ಹಬ್ಬದ ದಿನ ನಮ್ಮ ಕಡೆಯ ಮನೆಗಳಲ್ಲಿ ಎಡೆ ಇಡುವುದನ್ನು ನೀವೂ ನೋಡಿರುತ್ತೀರಿ. ಕೆಲವರು ಮಹಾಲಯ ಅಮಾವಾಸ್ಯೆಗೆ ಇಡುತ್ತಾರೆ, ಕೆಲವರು ದೀಪಾವಳಿಗೆ. ಗೋಡೆಗೆ ಒರಗಿಸಿದ ಫೋಟೊ, ಮಡಿಸಿಟ್ಟ ಹೊಸ ಪಂಚೆ, ಸೀರೆ, ಬಾಳೆ ಎಲೆಯ ಮೇಲೆ ಹೋಳಿಗೆ, ಕಡುಬು, ವಡೆ. ಪಕ್ಕದಲ್ಲಿ ತೀರಿಹೋದವರಿಗೆ ಇಷ್ಟವಾಗಿದ್ದ ಸಾಮಾನು. ಅಜ್ಜನಿಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಅಜ್ಜಿಗೆ ಎಲೆ ಅಡಿಕೆ. ಎಷ್ಟೋ ಮನೆಗಳಲ್ಲಿ ಇವುಗಳ ಜೊತೆಗೆ ಒಂದು ಲೋಟ ಬಿಸಿ ಚಹಾ.

ಚಹಾ ಪ್ರಿಯರಿಗೆ ಹಬ್ಬಕ್ಕೆ ಏನು ಕೊಡಬೇಕು ಎಂದು ಈಗ ಎಲ್ಲರ ಫೋನಿನಲ್ಲೂ ಜಾಹೀರಾತು ಬರುತ್ತಿದೆ. ಬಣ್ಣದ ಡಬ್ಬಿ, ಗಾಜಿನ ಕೆಟಲ್, ಹೂವಿನ ವಾಸನೆಯ ಪುಡಿ. ನಮಗೆ ಅದನ್ನು ನೋಡಿದಾಗಲೆಲ್ಲ ಎಡೆಯ ಮುಂದಿನ ಆ ಲೋಟ ನೆನಪಾಗುತ್ತದೆ. ಚಹಾ ಪ್ರಿಯರಿಗೆ ಕೊಡುವ ಉಡುಗೊರೆಯಲ್ಲಿ ಅದಕ್ಕಿಂತ ದೊಡ್ಡದು ಯಾವುದಿದೆ? ಸತ್ತ ಮೇಲೂ ಅವರಿಗೆ ಚಹಾ ಬೇಕು ಎಂದು ನಾವು ನಂಬಿದ್ದೇವೆ.

ಆದರೆ ಒಂದು ವಿಷಯ ಯೋಚಿಸಿ. ನೂರೈವತ್ತು ವರ್ಷದ ಹಿಂದೆ ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯ ಹಳ್ಳಿಯಲ್ಲಿ ಯಾರ ಎಡೆಯಲ್ಲೂ ಚಹಾ ಇರಲು ಸಾಧ್ಯವಿರಲಿಲ್ಲ. ಚಹಾ ಆಗ ನಮ್ಮ ಹಳ್ಳಿಗಳ ಪಾನೀಯವೇ ಆಗಿರಲಿಲ್ಲ. ಹಾಗಾದರೆ ನಾಲ್ಕೈದು ತಲೆಮಾರಿನೊಳಗೆ ಈ ಎಲೆ ನಮ್ಮ ಹಿರಿಯರ ಎಡೆಯವರೆಗೆ ಬಂದದ್ದು ಹೇಗೆ? ಈ ಸಲ ಆ ಕಥೆ ಹೇಳುತ್ತೇವೆ. ಕೊನೆಗೆ ಹಬ್ಬಕ್ಕೆ ಏನು ಕೊಡಬಹುದು ಎಂಬುದನ್ನೂ ಹೇಳುತ್ತೇವೆ.

ಬೆಲ್ಲ ನೀರಿನ ಕಾಲ

ಬಿಸಿಲಲ್ಲಿ ನಡೆದು ಬಂದ ನೆಂಟರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೆ ಬೆಲ್ಲದ ಚೂರು. ಮನೆಯಲ್ಲಿ ಕರಾವು ಇದ್ದರೆ ಮಜ್ಜಿಗೆ. ಹಬ್ಬ, ಜಾತ್ರೆಯಲ್ಲಿ ಪಾನಕ. ಹೊಲದ ಕೆಲಸಕ್ಕೆ ಅಂಬಲಿ. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ. ಮಾತು ಕೊಟ್ಟದ್ದಕ್ಕೂ, ಸಂಬಂಧ ಕುದುರಿದ್ದಕ್ಕೂ, ಜಗಳ ಬಗೆಹರಿದದ್ದಕ್ಕೂ ಎಲೆ ಅಡಿಕೆಯೇ ಸಾಕ್ಷಿ.

ಇವೆಲ್ಲ ನಮ್ಮ ನೆಲದಲ್ಲೇ ಸಿಗುವ ವಸ್ತುಗಳು. ಕಬ್ಬಿನ ಬೆಲ್ಲ, ಎಮ್ಮೆಯ ಮಜ್ಜಿಗೆ, ರಾಗಿ ಜೋಳದ ಅಂಬಲಿ, ತೋಟದ ಅಡಿಕೆ. ದುಡ್ಡು ಕೊಟ್ಟು ದೂರದ ಊರಿನಿಂದ ತರಿಸಿ ಕುಡಿಯುವ ಪಾನೀಯ ಎಂಬುದೇ ಹಳ್ಳಿಯ ಲೆಕ್ಕದಲ್ಲಿ ಇರಲಿಲ್ಲ.

ಕಾಫಿ ಮಾತ್ರ ಹತ್ತಿರದಲ್ಲೇ ಇತ್ತು. ಚನ್ನಗಿರಿಯ ಆಚೆಗೆ ಚಿಕ್ಕಮಗಳೂರು ಸೀಮೆ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಮೆಕ್ಕಾ ಯಾತ್ರೆಯಿಂದ ಬರುವಾಗ ಏಳು ಕಾಫಿ ಬೀಜ ತಂದರು, ಅದನ್ನು ಗಿರಿಯ ಮೇಲೆ ನೆಟ್ಟರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆದರೂ ನಮ್ಮ ಬಯಲು ಸೀಮೆಯ ಗೂಡಂಗಡಿಗಳಲ್ಲಿ ಗೆದ್ದದ್ದು ಪಕ್ಕದ ಜಿಲ್ಲೆಯ ಕಾಫಿಯಲ್ಲ, ಎಲ್ಲಿಯದೋ ಚಹಾ.

ಮಾರಾಟವಾಗದ ಎಲೆ

ಚಹಾದ ಗಿಡ ಅಸ್ಸಾಮಿನ ಕಾಡಿನಲ್ಲಿ ತಾನಾಗಿಯೇ ಬೆಳೆಯುತ್ತಿತ್ತು. ಅಲ್ಲಿನ ಸಿಂಗ್‌ಫೋ ಬುಡಕಟ್ಟಿನವರು ಅದನ್ನು ಮೊದಲಿನಿಂದ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಬ್ರಿಟಿಷ್ ವ್ಯಾಪಾರಿಗೆ ಆ ಗಿಡದ ವಿಷಯ ತಿಳಿಯಿತು. ಆಗ ಇಂಗ್ಲೆಂಡಿನವರು ಚೀನಾದಿಂದ ಚಹಾ ತರಿಸಿ ಕುಡಿಯುತ್ತಿದ್ದರು, ಅದಕ್ಕೆ ಅಪಾರ ಹಣ ಸುರಿಯುತ್ತಿದ್ದರು. ಅಸ್ಸಾಮಿನಲ್ಲೇ ಬೆಳೆದರೆ ಚೀನಾದ ಹಂಗು ತಪ್ಪುತ್ತದೆ ಎಂಬುದು ಅವರ ಲೆಕ್ಕ. 1839ರಲ್ಲಿ ಅಸ್ಸಾಮಿನ ಚಹಾ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು. ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಮುಂದೆ ಡಾರ್ಜಿಲಿಂಗ್, ನೀಲಗಿರಿಯ ಬೆಟ್ಟಗಳಿಗೂ ತೋಟಗಳು ಹಬ್ಬಿದವು. ಕಾಡು ಕಡಿದು ತೋಟ ಮಾಡಲು ದೂರದ ಊರುಗಳಿಂದ ಬಡವರನ್ನು ಕರಾರಿಗೆ ಹೆಬ್ಬೆಟ್ಟು ಒತ್ತಿಸಿ ಒಯ್ದರು. ದಾರಿಯಲ್ಲಿ, ತೋಟದಲ್ಲಿ ಸಾವಿರಾರು ಜನ ಸತ್ತರು.

ಇಷ್ಟೆಲ್ಲ ಆಗುವಾಗಲೂ ನಮ್ಮ ದೇಶದವರು ಚಹಾ ಕುಡಿಯುತ್ತಿದ್ದದ್ದು ಕಡಿಮೆ. ಬೆಳೆದದ್ದೆಲ್ಲ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು.

1903ರಲ್ಲಿ ಸರ್ಕಾರ ರಫ್ತಾಗುವ ಚಹಾದ ಮೇಲೆ ಒಂದು ಸಣ್ಣ ಕರ ಹಾಕುವ ಕಾಯ್ದೆ ತಂದಿತು. ಅದಕ್ಕೆ ಚಹಾ ಸೆಸ್ ಎಂದು ಹೆಸರು. ಆ ದುಡ್ಡು ಖಜಾನೆಗೆ ಹೋಗಲಿಕ್ಕಲ್ಲ, ಚಹಾದ ಪ್ರಚಾರಕ್ಕೆ. ಕೇಳಿದ್ದು ತೋಟದ ಮಾಲೀಕರೇ. ಬ್ರೂಕ್ ಬಾಂಡ್ ಕಂಪನಿ ರೆಡ್ ಲೇಬಲ್ ಪುಡಿಯನ್ನು ಭಾರತದ ಪೇಟೆಗೆ ಬಿಟ್ಟದ್ದೂ 1903ರಲ್ಲೇ.

ಮೊದಮೊದಲು ಪ್ರಚಾರ ಹೆಚ್ಚಾಗಿ ಹೊರದೇಶಗಳಲ್ಲಿ ನಡೆಯಿತು. 1929ರ ನಂತರ ಜಗತ್ತಿನ ವ್ಯಾಪಾರವೇ ಮಗುಚಿ ಬಿತ್ತು. ಚಹಾದ ಬೆಲೆ ನೆಲ ಕಚ್ಚಿತು. 1933ರಲ್ಲಿ ಭಾರತ, ಸಿಲೋನ್ ಮತ್ತು ಇಂಡೋನೇಷ್ಯಾದ ತೋಟಗಾರರು ಸೇರಿ ರಫ್ತಿಗೆ ಮಿತಿ ಹಾಕಿಕೊಂಡರು. ಬೆಳೆದ ಎಲೆ ಗೋದಾಮಿನಲ್ಲಿ ಉಳಿಯುವ ಪರಿಸ್ಥಿತಿ ಬಂತು. ಅಡಿಕೆ, ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ನಿಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ. ಈರುಳ್ಳಿ ಬೆಲೆ ಬಿದ್ದರೆ ನಾವು ರಸ್ತೆಗೆ ಸುರಿಯುತ್ತೇವೆ. ಚಹಾ ಕಂಪನಿಗಳು ಕೋಟ್ಯಂತರ ಹೊಸ ಬಾಯಿಗಳನ್ನು ಹುಡುಕಿಕೊಂಡು ಹೊರಟವು.

ಒಂದು ಲೋಟ ಪುಕ್ಕಟೆ

ಆ ಬಾಯಿಗಳು ನಮ್ಮವೇ. ಚಹಾ ಮಾರುಕಟ್ಟೆ ವಿಸ್ತರಿಸುವ ಮಂಡಳಿಯ ಜನ ಪಟ್ಟಣಗಳಲ್ಲಿ ಮನೆ ಮನೆಗೆ ಹೋದರು. ಸಂತೆ, ಜಾತ್ರೆಗಳಲ್ಲಿ ಒಲೆ ಹೂಡಿದರು. ನೀರು ಕಾಯಿಸುವುದು ಹೇಗೆ, ಪುಡಿ ಎಷ್ಟು, ಹಾಲು ಯಾವಾಗ ಎಂದು ಮಾಡಿ ತೋರಿಸಿದರು. ಕುಡಿಯಲು ಪುಕ್ಕಟೆ ಕೊಟ್ಟರು. ಗಂಡಸರು ಒಳಗೆ ಹೋಗಲಾಗದ ಮನೆಗಳಿಗೆ ಹೆಂಗಸರನ್ನು ಕಳಿಸಿದರು. ಕಾರ್ಖಾನೆ, ಗಣಿ, ರೈಲು ನಿಲ್ದಾಣಗಳಲ್ಲಿ ಚಹಾ ಅಂಗಡಿ ಹಾಕಿಸಿದರು. ಒಂದು ಕಾಸಿಗೆ ಸಿಗುವ ಪುಟ್ಟ ಪೊಟ್ಟಣ ತಂದರು. ಆಯಾ ಭಾಷೆಯಲ್ಲಿ ಚಹಾ ಮಾಡುವ ವಿಧಾನ ಬರೆದ ತಗಡಿನ ಬೋರ್ಡುಗಳನ್ನು ನೇತುಹಾಕಿದರು.

ಈಗ ಮೊಬೈಲ್ ಕಂಪನಿಗಳು ಮೊದಲು ಡೇಟಾ ಪುಕ್ಕಟೆ ಕೊಟ್ಟು, ಅಭ್ಯಾಸವಾದ ಮೇಲೆ ರೀಚಾರ್ಜ್ ದರ ಏರಿಸುವುದನ್ನು ಕಂಡಿದ್ದೇವಲ್ಲ, ಆ ಉಪಾಯಕ್ಕೆ ತೊಂಬತ್ತು ವರ್ಷ ತುಂಬಿದೆ.

ವಿರೋಧವೂ ಇತ್ತು. ಗಾಂಧೀಜಿ ಚಹಾ ಕಾಫಿ ದೇಹಕ್ಕೆ ಬೇಕಾಗಿಲ್ಲ ಎಂದೇ ಬರೆದರು. 1942ರಿಂದ 1944ರವರೆಗೆ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲೂ ಆ ಮಾತು ಇದೆ. ದೇಶ ಗಾಂಧೀಜಿಯ ಬಹಳ ಮಾತು ಕೇಳಿತು, ಇದೊಂದನ್ನು ಕೇಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಸರ್ಕಾರ 1953ರಲ್ಲಿ ಚಹಾ ಕಾಯ್ದೆ ತಂದು, 1954ರ ಏಪ್ರಿಲ್‌ನಲ್ಲಿ ಚಹಾ ಮಂಡಳಿ ಸ್ಥಾಪಿಸಿತು. ಇವತ್ತು ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕಿಲೋ ಚಹಾ ತಯಾರಾಗುತ್ತದೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲನ್ನು ನಾವೇ ಕುಡಿದು ಮುಗಿಸುತ್ತೇವೆ.

ಬೋರ್ಡಿನ ಮೇಲೆ ಬರೆದ ವಿಧಾನವನ್ನು ಮಾತ್ರ ನಮ್ಮವರು ಒಪ್ಪಲಿಲ್ಲ. ಬಿಸಿನೀರಿಗೆ ಎಲೆ ಹಾಕಿ ಮುಚ್ಚಿಡಿ, ಹಾಲು ಸಕ್ಕರೆ ಬೇರೆ ಕೊಡಿ ಎಂದು ಕಂಪನಿಯವರು ಹೇಳಿದರು. ನಾವು ಹಾಲು, ನೀರು, ಸಕ್ಕರೆ, ಪುಡಿ ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸಿದೆವು. ಶುಂಠಿ ಜಜ್ಜಿ ಹಾಕಿದೆವು, ಏಲಕ್ಕಿ ಹಾಕಿದೆವು. ಪುಡಿ ಕಡಿಮೆ ಖರ್ಚಾಗುತ್ತದೆ ಎಂದು ಕಂಪನಿಯವರಿಗೆ ಇದು ರುಚಿಸಲಿಲ್ಲ. ಎಲೆ ಅವರದಾದರೂ ಚಹಾ ನಮ್ಮದಾಯಿತು.

ಚಹಾ, ಚಾ, ಟೀ

ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಿಗೆ ಇವತ್ತಿಗೂ ರೈಲು ಇಲ್ಲ. ಹರಿಹರ, ದಾವಣಗೆರೆಗೆ ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ರೈಲು ಬಂದಿತ್ತು. ಮುಂದೆ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಗಿರಣಿ ಎಂದರೆ ಪಾಳಿ ಕೆಲಸ, ಪಾಳಿ ಕೆಲಸ ಎಂದರೆ ನಿದ್ದೆಗೆಡುವುದು. ಮಂಡಕ್ಕಿ ಮೆಣಸಿನಕಾಯಿ ತಿಂದು ಚಹಾ ಕುಡಿಯುವ ದಾವಣಗೆರೆಯ ಅಭ್ಯಾಸ ಇವತ್ತು ಹಳ್ಳಿಯ ಬಸ್ ಸ್ಟ್ಯಾಂಡಿನವರೆಗೂ ಇದೆ.

ನಮ್ಮ ಸೀಮೆಯ ಇನ್ನೊಂದು ವಿಶೇಷ ಗಡಿ. 1953ಕ್ಕೆ ಮೊದಲಿನ ನಕ್ಷೆ ನೋಡಿ. ಹೊನ್ನಾಳಿ ಮೈಸೂರು ಸಂಸ್ಥಾನದ ಅಂಚು. ಅದರಾಚೆಯ ರಾಣೆಬೆನ್ನೂರು, ಹಿರೇಕೆರೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಜಗಳೂರೂ ಮೈಸೂರಿನ ಅಂಚು. ಅದರಾಚೆಯ ಹರಪನಹಳ್ಳಿ, ಕೂಡ್ಲಿಗಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಚನ್ನಗಿರಿಯ ಆಚೆಗೆ ಕಾಫಿ ಸೀಮೆ. ಹೀಗೆ ಮೂರು ಸರ್ಕಾರಗಳ ಅಂಚಿನಲ್ಲಿ ನಮ್ಮ ಜನ ಸಂತೆ ಮಾಡಿದರು, ಹೆಣ್ಣು ಕೊಟ್ಟು ತಂದರು. ದಾವಣಗೆರೆ ಎಂಬ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಮೊನ್ನೆ ಮೊನ್ನೆಯವರೆಗೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು.

ಈ ಗಡಿ ನಮ್ಮ ನಾಲಿಗೆಯ ಮೇಲೂ ಇದೆ. ಒಂದೇ ಊರಿನಲ್ಲಿ ಒಬ್ಬರು ಚಹಾ ಎನ್ನುತ್ತಾರೆ, ಒಬ್ಬರು ಚಾ, ಒಬ್ಬರು ಟೀ. ಚೀನಾದ ಬೇರೆ ಬೇರೆ ಸೀಮೆಗಳಲ್ಲಿ ಈ ಎಲೆಗೆ ಎರಡು ಉಚ್ಚಾರಗಳಿದ್ದವು. ಒಂದು ‘ಚಾ’, ಇನ್ನೊಂದು ‘ತೆ’. ‘ಚಾ’ ಎಂಬುದು ನೆಲದ ದಾರಿಯಲ್ಲಿ ಪರ್ಷಿಯಾದ ಕಡೆಗೂ, ಪೋರ್ಚುಗೀಸರ ಹಡಗಿನಲ್ಲೂ ಬಂತು. ಮರಾಠಿಯಲ್ಲಿ ಚಹಾ ಆಯಿತು, ಉತ್ತರ ಕರ್ನಾಟಕಕ್ಕೂ ಅದೇ ಬಂತು. ‘ತೆ’ ಎಂಬುದು ಡಚ್ಚರ ಹಡಗಿನಲ್ಲಿ ಯೂರೋಪಿಗೆ ಹೋಗಿ, ಇಂಗ್ಲಿಷಿನಲ್ಲಿ ಟೀ ಆಗಿ ಮೈಸೂರಿನ ಕಡೆಯಿಂದ ಬಂತು. ಲೋಕ ಸುತ್ತಿದ ಎರಡು ದಾರಿಗಳು ನಮ್ಮ ಬಸ್ ಸ್ಟ್ಯಾಂಡಿನ ಒಂದೇ ಬೆಂಚಿನ ಮೇಲೆ ಕೂತಿವೆ.

ಪುಡಿ, ಸಕ್ಕರೆ, ಮುಯ್ಯಿ

ಚಹಾ ಹಳ್ಳಿಯ ಮನೆಯೊಳಗೆ ಬರಬೇಕಾದರೆ ಅಗ್ಗವಾಗಬೇಕಿತ್ತು. ಅದನ್ನು ಮಾಡಿದ್ದು ಒಂದು ಯಂತ್ರ. 1930ರ ಸುಮಾರಿಗೆ ಅಸ್ಸಾಮಿನ ತೋಟವೊಂದರಲ್ಲಿ ವಿಲಿಯಂ ಮೆಕರ್ಚರ್ ಎಂಬವರು ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಕೊಟ್ಟು ಅರೆದು, ಹರಿದು, ಉಂಡೆಗಟ್ಟಿಸುವ ಯಂತ್ರ ಮಾಡಿದರು. ಅದೇ ಸಿಟಿಸಿ. ನಾವು ಅಂಗಡಿಯಲ್ಲಿ ಕೊಳ್ಳುವ ಕಾಳು ಕಾಳಾದ ಪುಡಿ ಇದರಿಂದ ಬಂದದ್ದು. ಸ್ವಾತಂತ್ರ್ಯದ ನಂತರ ಇದು ಬಹಳ ಹರಡಿತು. ಇಡೀ ಎಲೆಯ ಚಹಾಕ್ಕಿಂತ ಇದು ಬೇಗ ಬಣ್ಣ ಬಿಡುತ್ತದೆ, ಕಡಿಮೆ ಪುಡಿಗೆ ಹೆಚ್ಚು ಲೋಟ ಆಗುತ್ತದೆ, ಹಾಲು ಹಾಕಿದರೂ ಒಗರು ಉಳಿಯುತ್ತದೆ. ಬಡವರ ಒಲೆಗೆ ಹೇಳಿ ಮಾಡಿಸಿದಂತಿತ್ತು.

ಆಮೇಲೆ ಚಹಾ ಉಡುಗೊರೆಯೂ ಆಯಿತು. ಬಾಣಂತಿ ನೋಡಲು, ಕಾಯಿಲೆಯವರನ್ನು ಮಾತಾಡಿಸಲು, ಸಾವಿನ ಮನೆಗೆ ಹೋಗುವಾಗ ಬರಿಗೈಲಿ ಹೋಗಬಾರದು ಎಂದು ಚೀಲಕ್ಕೆ ಒಂದು ಪೊಟ್ಟಣ ಚಹಾಪುಡಿ, ಒಂದು ಕಿಲೋ ಸಕ್ಕರೆ ಹಾಕಿಕೊಂಡು ಹೋಗುವುದು ರೂಢಿಯಾಯಿತು. ರೇಷನ್ ಅಂಗಡಿಯ ಸಕ್ಕರೆಗೆ ಸಾಲು ನಿಂತ ಕಾಲದಲ್ಲಿ ಈ ಒಂದು ಕಿಲೋದ ತೂಕ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಇದರ ಹಿಂದೆ ಒಂದು ವಿವೇಕವೂ ಇದೆ. ಸಾವಾದ ಮನೆಗೆ, ಹೆರಿಗೆಯಾದ ಮನೆಗೆ ಜನ ಬರುತ್ತಲೇ ಇರುತ್ತಾರೆ. ಬಂದವರಿಗೆಲ್ಲ ಚಹಾ ಕೊಡಬೇಕು. ನಾವು ಒಯ್ದ ಪುಡಿ ಆ ಮನೆಯ ಮೇಲಿನ ಭಾರ ಇಳಿಸುತ್ತದೆ.

ಮದುವೆ ಮುಯ್ಯಿಯಲ್ಲೂ ಚಹಾ ಬಂತು. ಆರು ಕಪ್ಪು ಆರು ಬಸಿಯ ಸೆಟ್ಟು, ಹೂವಿನ ಚಿತ್ರದ ಟ್ರೇ, ಹೆಸರು ಕೊರೆಸಿದ ಸ್ಟೀಲ್ ಲೋಟ, ಥರ್ಮಾಸ್ ಫ್ಲಾಸ್ಕ್. ಎಷ್ಟೋ ಮನೆಗಳಲ್ಲಿ ಆ ಕಪ್ಪು ಬಸಿ ಶೋಕೇಸಿನಿಂದ ಇಳಿದದ್ದೇ ಇಲ್ಲ. ಹೆಣ್ಣು ನೋಡಲು ಬಂದವರಿಗೆ, ಮೇಷ್ಟ್ರಿಗೆ, ಬ್ಯಾಂಕಿನವರಿಗೆ ಮಾತ್ರ. ಮನೆಯವರಿಗೆ ಸ್ಟೀಲ್ ಲೋಟ. ಊಟಿಗೆ ಟೂರ್ ಹೋದವರು ನೀಲಗಿರಿ ಎಣ್ಣೆಯ ಜೊತೆಗೆ ಚಹಾಪುಡಿ ತಂದು ಓಣಿಗೆಲ್ಲ ಚೂರು ಚೂರು ಹಂಚಿದ್ದೂ ಉಂಟು. ಆ ಪುಡಿ ನಮಗೆ ಅಷ್ಟೇನೂ ಪರಕೀಯವಲ್ಲ. ನೀಲಗಿರಿಯಲ್ಲಿ ಒಂದೆರಡು ಎಕರೆ ಚಹಾ ಇಟ್ಟುಕೊಂಡ ಸಣ್ಣ ಬೆಳೆಗಾರರಲ್ಲಿ ಬಹುಪಾಲು ಬಡಗರು. ಅವರ ಬಡಗ ನುಡಿ ಕನ್ನಡದ ಒಡಹುಟ್ಟು.

ಎರಡನೇ ಲೋಟ

ಇಲ್ಲಿಯವರೆಗಿನ ಕಥೆ ಹೇಳಲು ಸಲೀಸು. ಇನ್ನೊಂದು ಭಾಗ ಇದೆ, ಅದನ್ನು ಬಿಟ್ಟರೆ ಚಹಾದ ಚರಿತ್ರೆ ಸುಳ್ಳಾಗುತ್ತದೆ.

ಹೋಟೆಲಿನಲ್ಲಿ ಚಹಾ ಬಂದಾಗ ಲೋಟವೂ ಬಂತು. ಒಬ್ಬರು ಕುಡಿದ ಲೋಟದಲ್ಲಿ ಇನ್ನೊಬ್ಬರು ಕುಡಿಯಬೇಕು. ಜಾತಿಗೆ ಇದು ಒಗ್ಗಲಿಲ್ಲ. ದಲಿತರಿಗೆ ಬೇರೆ ಲೋಟ ಇಟ್ಟರು. ಅದು ಒಳಗೆ ಇರುತ್ತಿರಲಿಲ್ಲ, ಹೊರಗೆ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಕೆಲವೆಡೆ ತೆಂಗಿನ ಚಿಪ್ಪು. ಕುಡಿದವರೇ ತೊಳೆದು ಅಲ್ಲೇ ಇಡಬೇಕು. ಚಹಾ ಮೇಲಿನಿಂದ ಸುರಿಯುತ್ತಿದ್ದರು. ದುಡ್ಡು ಮಾತ್ರ ಎಲ್ಲರದೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹಿಡಿದೇ ಹೇಳಿದೆ. 1955ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಯನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅಪರಾಧ ಎಂದಿತು. ಅದೇ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕು ರಕ್ಷಣಾ ಕಾಯ್ದೆ ಎಂಬ ಹೆಸರು ಬಂತು. ದೇಶದ ಕಾನೂನು ಒಂದು ಚಹಾ ಲೋಟದ ಬಗ್ಗೆ ಮಾತಾಡಬೇಕಾಯಿತು ಎಂದರೆ ಆ ಲೋಟದ ಭಾರ ಎಷ್ಟಿರಬೇಕು.

ಕಾಗದದ ಮೇಲಿದ್ದ ಕಾನೂನನ್ನು ಹಳ್ಳಿಯ ಹೋಟೆಲಿಗೆ ತಂದವರು ಹೋರಾಟಗಾರರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಜಿಲ್ಲೆಯವರೇ. 1938ರಲ್ಲಿ ಹರಿಹರದಲ್ಲಿ ಹುಟ್ಟಿದವರು, ಚನ್ನಗಿರಿಯ ಪಕ್ಕದ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳಿದವರು. 1970ರ ದಶಕದಿಂದ ಸಮಿತಿಯ ಹೋರಾಟದಲ್ಲಿ ಭೂಮಿ, ಕೂಲಿ, ದೇವಸ್ಥಾನದ ಜೊತೆಗೆ ಹೋಟೆಲಿನ ಲೋಟವೂ ಇತ್ತು. ಇವತ್ತು ನಮ್ಮ ತಾಲ್ಲೂಕು ಪಟ್ಟಣಗಳ ಹೋಟೆಲುಗಳಲ್ಲಿ ಯಾರು ಬೇಕಾದರೂ ಕೂತು ಕುಡಿಯುತ್ತಾರಲ್ಲ, ಅದು ತಾನಾಗಿ ಆದದ್ದಲ್ಲ. ಒದೆ ತಿಂದವರಿದ್ದಾರೆ, ಊರು ಬಿಟ್ಟವರಿದ್ದಾರೆ.

ಆಮೇಲೆ ಪೇಪರ್ ಕಪ್ಪು ಬಂತು. ಒಮ್ಮೆ ಕುಡಿದು ಎಸೆಯುವುದಾದ್ದರಿಂದ ಯಾರ ಎಂಜಲು ಎಂಬ ಪ್ರಶ್ನೆಯೇ ಇಲ್ಲ. ಎಲ್ಲರಿಗೂ ಒಂದೇ ಕಪ್ಪು. ಜಗಳ ಮುಗಿಯಿತು ಎಂದು ಅನೇಕರು ಅಂದುಕೊಂಡರು. ನಾವೂ ಅಂದುಕೊಂಡಿದ್ದೆವು.

ಅಡಿಕೆ ಸುಗ್ಗಿಯ ಒಂದು ರಾತ್ರಿ ವರದಿಗೆಂದು ಒಂದು ಊರಿಗೆ ಹೋಗಿದ್ದೆವು. ಊರ ಹೆಸರು ಬೇಡ. ಲೈಟಿನ ಕೆಳಗೆ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಒಳಗಿನಿಂದ ಚಹಾ ಬಂತು. ನಮಗೆ, ಖೇಣಿದಾರರಿಗೆ, ಮನೆಯವರಿಗೆ ಸ್ಟೀಲ್ ಲೋಟ. ಸುಲಿಯುವವರಿಗೆ ಪೇಪರ್ ಕಪ್ಪು. ಚಹಾ ಒಂದೇ ಪಾತ್ರೆಯದು. ಜನ ಜಾಸ್ತಿ, ಅಷ್ಟು ಲೋಟ ಇರಲಿಕ್ಕಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಆದರೆ ನಮ್ಮ ಹಿಂದೆಯೇ ಬಂದ ಮನೆಯವರ ನೆಂಟರು ನಾಲ್ಕು ಜನ. ಅವರಿಗೂ ಸ್ಟೀಲ್ ಲೋಟವೇ ಬಂತು. ನಾವು ಕೇಳಲಿಲ್ಲ. ಕುಡಿದು, ಫೋಟೊ ತೆಗೆದು, ಸುದ್ದಿ ಕಳಿಸಿದೆವು. ಸುದ್ದಿಯಲ್ಲಿ ಅಡಿಕೆ ಧಾರಣೆ ಇತ್ತು, ಲೋಟ ಇರಲಿಲ್ಲ.

ಆ ಸುದ್ದಿಯನ್ನು ಈಗ ಪೂರ್ತಿ ಮಾಡುತ್ತಿದ್ದೇವೆ. ಸೂರಿನಲ್ಲಿ ಸಿಕ್ಕಿಸಿದ್ದ ಲೋಟ ಎಲ್ಲ ಕಡೆ ಹೋಗಿಲ್ಲ. ಕೆಲವು ಮನೆಗಳಲ್ಲಿ ಅದು ಪೇಪರಿನದಾಗಿದೆ. ಮೊದಲಾದರೆ ಕಣ್ಣಿಗೆ ಕಾಣುತ್ತಿತ್ತು, ಈಗ ಕುಡಿದ ಮೇಲೆ ಕಸದ ಬುಟ್ಟಿಗೆ ಹೋಗುತ್ತದೆ.

ಈ ಹಬ್ಬಕ್ಕೆ ಏನು ಕೊಡೋಣ?

ಈ ಚರಿತ್ರೆಯನ್ನು ಮುಂದಿಟ್ಟುಕೊಂಡೇ ಉಡುಗೊರೆಯ ಮಾತಿಗೆ ಬರುತ್ತೇವೆ.

ಮೊದಲನೆಯದು ಪುಡಿ. ಒಂದು ಲೋಟಕ್ಕೆ ಸುಮಾರು ಎರಡೂವರೆ ಗ್ರಾಂ ಲೆಕ್ಕ ಹಿಡಿದರೆ ಕಾಲು ಕಿಲೋ ಪೊಟ್ಟಣದಲ್ಲಿ ನೂರು ಲೋಟ ಚಹಾ ಆಗುತ್ತದೆ. ನೂರು ಸಲ ನಿಮ್ಮನ್ನು ನೆನೆಯುವ ಉಡುಗೊರೆ ಬೇರೆ ಯಾವುದಿದೆ? ಹಾಲು ಹಾಕಿ ಕುದಿಸುವ ಮನೆಗೆ ಸಿಟಿಸಿ ಪುಡಿಯೇ ಸರಿ. ಡಾರ್ಜಿಲಿಂಗ್ ಎಲೆ ಕೊಟ್ಟರೆ ಅವರು ಅದನ್ನೂ ಹಾಲಿನಲ್ಲಿ ಕುದಿಸುತ್ತಾರೆ, ನಿಮ್ಮ ದುಡ್ಡೂ ಹೋಯಿತು ಅವರ ಚಹಾವೂ ಹೋಯಿತು. ಹಾಲಿಲ್ಲದೆ ಕುಡಿಯುವವರಿಗೆ ಮಾತ್ರ ಎಲೆ ಚಹಾ ಕೊಡಿ. ನಮ್ಮ ರಾಜ್ಯದ್ದೇ ಬೇಕೆಂದರೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಬೆಳೆದ ಚಹಾ ಇದೆ.

ಕೊಳ್ಳುವಾಗ ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ 14 ಅಂಕಿಯ ಲೈಸೆನ್ಸ್ ನಂಬರು, ಪ್ಯಾಕ್ ಮಾಡಿದ ತಿಂಗಳು ನೋಡಿ. ಸಂತೆಯಲ್ಲಿ ಬಿಡಿಯಾಗಿ, ಅತಿ ಅಗ್ಗಕ್ಕೆ ಸಿಗುವ ಪುಡಿಯ ಬಗ್ಗೆ ಎಚ್ಚರ. ಬಳಸಿ ಬಿಸಾಡಿದ ಪುಡಿ ಒಣಗಿಸಿ ಬಣ್ಣ ಹಾಕಿ ಮಾರುವುದುಂಟು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮಸಿ ಹೀರುವ ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಕಾಗದವನ್ನು ನಲ್ಲಿ ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಪುಡಿ ಗಾಢ ಕಲೆ ಉಳಿಸುವುದಿಲ್ಲ. ಕಪ್ಪು, ಕಂದು ಕಲೆ ಉಳಿದರೆ ಬಣ್ಣ ಬೆರೆತಿದೆ. ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಪುಡಿ ಇದ್ದರೆ ಅಂಟುತ್ತದೆ. ಚನ್ನಗಿರಿಯವರಿಗೆ ಇದನ್ನು ಕಲಿಸಬೇಕೇ? ರಾಶಿ ಅಡಿಕೆಯ ಬಣ್ಣ ಚೊಗರಿನದೋ ಬೇರೆಯದೋ ಎಂದು ಕೈಯಲ್ಲಿ ಹಿಡಿದು ಹೇಳುವವರು ಚಹಾಪುಡಿಯ ಬಣ್ಣಕ್ಕೆ ಮರುಳಾಗಬಾರದು.

ಎರಡನೆಯದು ಗಾಳಿಯಾಡದ ಒಂದು ಡಬ್ಬಿ. ಚಹಾಪುಡಿ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಸಾಲೆ ಡಬ್ಬಿಯ ಪಕ್ಕ ಇಟ್ಟರೆ ಚಹಾ ಸಾರಿನಂತಾಗುತ್ತದೆ. ಬೆಳಕು, ತೇವ ಎರಡೂ ತಾಕದ ಸ್ಟೀಲ್ ಡಬ್ಬಿ ಸಾಕು.

ಮೂರನೆಯದು ಫ್ಲಾಸ್ಕ್. ಜಗಳೂರಿನ ಹೊಲಗಳಲ್ಲಿ ರಾತ್ರಿ ಕರೆಂಟಿಗೆ ಕಾದು ನೀರು ಹಾಯಿಸುವವರಿಗೆ, ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ಫೆಬ್ರವರಿಯ ಚಳಿಯಲ್ಲಿ ನಡೆದು ಹೋಗುವವರಿಗೆ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರಿಗೆ ಇದರ ಬೆಲೆ ಗೊತ್ತು.

ಸಕ್ಕರೆ ಕಾಯಿಲೆಯವರ ಮನೆಗೆ ಸಕ್ಕರೆ ಒಯ್ಯಬೇಡಿ. ಬದಲಿಗೆ ಒಣಶುಂಠಿ, ಏಲಕ್ಕಿ ಒಯ್ಯಿರಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ ಒಂದು ಮಾತನ್ನೂ ಜೊತೆಗೆ ಕೊಡಿ. ಊಟದ ಜೊತೆ, ಊಟವಾದ ಕೂಡಲೇ ಚಹಾ ಬೇಡ, ಒಂದು ಗಂಟೆಯಾದರೂ ಬಿಡಿ. ಚಹಾದ ಒಗರು ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ.

ಕೊನೆಯದು ಲೋಟ. ನಮ್ಮ ಮಟ್ಟಿಗೆ ಇದೇ ಮುಖ್ಯ. 2020ರಲ್ಲಿ ಖರಗ್‌ಪುರದ ಐಐಟಿಯವರು ಒಂದು ಪರೀಕ್ಷೆ ಮಾಡಿದರು. ಪೇಪರ್ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ನೀರು 15 ನಿಮಿಷ ಇದ್ದರೆ ಒಳಗಿನ ತೆಳು ಪ್ಲಾಸ್ಟಿಕ್ ಪದರದಿಂದ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಕಂಡುಕೊಂಡರು. ಅಂದರೆ ಆರೋಗ್ಯದ ಲೆಕ್ಕದಲ್ಲೂ ಪೇಪರ್ ಕಪ್ಪು ಒಳ್ಳೆಯದಲ್ಲ.

ಅಡಿಕೆ ಮನೆ ಇರುವವರು, ಕೂಲಿಗೆ ಜನ ಕರೆಯುವವರು ಈ ದೀಪಾವಳಿಗೆ ಎರಡು ಡಜನ್ ಸ್ಟೀಲ್ ಲೋಟ ತನ್ನಿ. ಒಂದೇ ಅಳತೆ, ಒಂದೇ ನಮೂನೆ. ಬಂದ ನೆಂಟರಿಗೂ ಅದೇ, ಸುಲಿಯಲು ಬಂದವರಿಗೂ ಅದೇ, ಮನೆಯವರಿಗೂ ಅದೇ. ತೊಳೆದು ಒಂದೇ ಬುಟ್ಟಿಗೆ ಬೋರಲು ಹಾಕಿ. ಯಾರ ಲೋಟ ಯಾವುದು ಎಂದು ಗುರುತೇ ಸಿಗಬಾರದು. ಹೆಸರು ಕೊರೆಸುವುದೂ ಬೇಡ. ಇದನ್ನು ದೊಡ್ಡ ಸಮಾಜ ಸೇವೆ ಎಂದು ಫೋಟೊ ಹಾಕುವ ಅಗತ್ಯವಿಲ್ಲ. ಚಹಾ ಕೊಡುವ ರೀತಿ ಅದು, ಅಷ್ಟೇ.

ಚಹಾ ನಮ್ಮ ಊರಿಗೆ ಬಂದದ್ದು ಪುಕ್ಕಟೆ, ಆದರೆ ಅದರ ಹಿಂದೆ ಲಾಭದ ಲೆಕ್ಕ ಇತ್ತು. ನಾವು ಅದನ್ನು ಕುದಿಸಿ ನಮ್ಮದು ಮಾಡಿಕೊಂಡೆವು, ಬಾಣಂತಿಗೆ ಒಯ್ದೆವು, ಸಾವಿನ ಮನೆಗೆ ಒಯ್ದೆವು, ಹಿರಿಯರ ಎಡೆಯಲ್ಲಿಟ್ಟೆವು. ಹಿರಿಯರು ಬಂದು ಕುಡಿಯುತ್ತಾರೆ ಎಂದು ಕದ ಹಾಕಿ ಹೊರಗೆ ನಿಲ್ಲುತ್ತೇವಲ್ಲ, ಆಗ ಅವರಿಗೆ ಇಟ್ಟ ಲೋಟ ಮನೆಯ ಒಳ್ಳೆಯ ಲೋಟ. ಹೊಸದು, ಬೆಳಗಿದ್ದು. ಕಣ್ಣಿಗೆ ಕಾಣದವರಿಗೆ ಅಷ್ಟು ಮರ್ಯಾದೆ ಕೊಡುವ ನಾವು, ಜಗಲಿಯ ಮೇಲೆ ಕೂತು ನಮ್ಮ ಅಡಿಕೆ ಸುಲಿಯುತ್ತಿರುವವರಿಗೂ ಅದೇ ಲೋಟದಲ್ಲಿ ಕೊಡೋಣ.

ಮುಂದಿನ ಸಲ ವರದಿಗೆ ಹೋದಾಗ ನಮ್ಮ ಕೈಗೆ ಬೇರೆ ಲೋಟ ಬಂದರೆ ಕೇಳುತ್ತೇವೆ. ಎಲ್ಲರಿಗೂ ಹಬ್ಬದ ಶುಭಾಶಯ.